ಪಂಪಿನ ಬಾಯಿಗೆ ತುಪ್ಪ

ಎಚ್ಚರಿಕೆ ಒಳ್ಳೆಯ ಗುಣವೆಂದು ಹಿರಿಯರು ಹೇಳುತ್ತಾರೆ. ಅದು ಅತಿಯಾದರೆ ಜೊತೆಯಲ್ಲಿರುವವರಿಗೆ ಎಷ್ಟು ಕಾಟವೆಂಬುದನ್ನು ನನ್ನ ಹೆಂಡತಿ ಗಿರಿಜೆಯನ್ನು ಕೇಳಬೇಕು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ಕೊನೆಯವರೆಗೆ ಹೋಗಿ, ಮತ್ತೆ ವಾಪಸು ಬಂದು ಎಳೆದು ನೋಡುವ ಜಾತಿ ನನ್ನದು. ಇಂಥವನು ಮೋಟಾರ್ ಸೈಕಲ್ಲು ಏಕೆ ಕೊಂಡನೆಂದು ಮಧುಗಿರಿಯಲ್ಲಿ ಎಲ್ಲರೂ ಕೇಳಿದರು. ನಾನೂ ಕೇಳಿಕೊಂಡಿದ್ದೇನೆ. ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವವರ ಮೇಲೆ ನಾನು ಇನ್‌ಸ್ಪೆಕ್ಟರು. ಇವತ್ತು ತೋವಿನಕೆರೆ, ನಾಳೆ ಚನ್ನರಾಯನದುರ್ಗ ಎಂದು ಎತ್ತಿನ ಗಾಡಿಯಲ್ಲಿ ಕುಲುಕಿ ಕುಲುಕಿ ನನ್ನ ಸೊಂಟ ಸವೆದುಹೋಗಿತ್ತು. ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಹಳೆಯ ಮೋಟಾರ್ ಸೈಕಲ್ಲು ಮಾರುತ್ತಾನೆಂದು ಕೇಳಿ ಕೊಂಡುಬಿಟ್ಟೆ. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನು ಬರುವುದಕ್ಕೆ ಮುಂಚಿನ ಮಾತು ಇದು. ಗಾಡಿಯಿಂದ ನನ್ನ ಸೊಂಟಕ್ಕೆ ಉಪಕಾರವಾಯಿತು, ಇಲಾಖೆಗೆ ಮಾತ್ರ ಆಗಲಿಲ್ಲ. ಅದರ ಸದ್ದು ದೂರದಿಂದಲೇ ಕೇಳುತ್ತಿದ್ದುದರಿಂದ ನಾನು ಊರು ಸೇರುವಷ್ಟರಲ್ಲಿ ಅಲ್ಲಿನ ಮಕ್ಕಳೆಲ್ಲ ಹುಲ್ಲಿನ ಬಣವೆಯ ಹಿಂದೆ ಸೇರಿಕೊಂಡಿರುತ್ತಿದ್ದವು.

ಗಾಡಿ ಕೊಂಡ ಮೇಲೆ ನನಗೆ ಕಳ್ಳರ ಭಯ ಹೋಗಿ ಮುಳ್ಳಿನ ಭಯ ಹಿಡಿಯಿತು. ನಮ್ಮ ಕಡೆಯ ರಸ್ತೆಗಳಲ್ಲಿ ಕಲ್ಲಿಲ್ಲದ ಕಡೆ ಜಾಲಿ ಮುಳ್ಳು, ಮುಳ್ಳಿಲ್ಲದ ಕಡೆ ಎತ್ತಿನ ಲಾಳದಿಂದ ಬಿದ್ದ ಮೊಳೆ. ಹಾಗಾಗಿ ಆಪತ್ತಿಗೆಂದು ಒಂದು ತಗಡಿನ ಪೆಟ್ಟಿಗೆ ಮಾಡಿಸಿ ಹಿಂದೆ ಬಿಗಿದೆ. ಟೈರು ಬಿಚ್ಚುವ ಪಟ್ಟಿಗಳು, ತೇಪೆ ಹಾಕುವ ರಬ್ಬರು, ಅದನ್ನು ಅಂಟಿಸುವ ಸಲ್ಯೂಷನ್ನು, ಅಯೋಡಿನ್ನು, ದಾರ, ದಬ್ಬಳ, ಒಂದು ಮೇಣದ ಬತ್ತಿ, ಏಕೆಂದು ನನಗೇ ಗೊತ್ತಿಲ್ಲದ ಒಂದು ಸಣ್ಣ ಗರಗಸ, ಇಷ್ಟೂ ಅದರಲ್ಲಿದ್ದವು. ಎಲ್ಲಕ್ಕೂ ಮುಕುಟಪ್ರಾಯವಾಗಿ ಹಿತ್ತಾಳೆಯ ಒಂದು ಕೈಪಂಪು. ಅದನ್ನು ಸಿರಾದಲ್ಲಿ ಸೈಕಲ್ ಅಂಗಡಿಯ ಸಾಬರು ಮಗುವನ್ನು ಎತ್ತಿ ಕೊಡುವಂತೆ ಎರಡು ಕೈಯಲ್ಲಿ ಕೊಟ್ಟಿದ್ದರು. "ಸಾಬ್, ಇದರ ದಮ್ ನಿಮ್ಮ ಮೊಮ್ಮಕ್ಳ ಕಾಲಕ್ಕೂ ಬರ್ತದೆ. ಒಳಗೆ ಚಮಡಾ ಬಿಲ್ಲೆ ಐತೆ, ಅದು ಒಣಗಬಾರ್ದು. ಆಗಾಗ ಎಣ್ಣೆ ತೋರಿಸ್ತಾ ಇರಿ, ಬಸ್" ಎಂದಿದ್ದರು. ನಾನು ತಪ್ಪದೆ ತೋರಿಸುತ್ತಿದ್ದೆ. ಆದರೆ ಒಳಗೆ ಚರ್ಮ ಇದೆ ಎಂಬ ಮಾತನ್ನು ಮನೆಯಲ್ಲಿ ಎತ್ತಿರಲಿಲ್ಲ. ಚರ್ಮದ ಕೆರ ಬಿಟ್ಟ ಕಾಲನ್ನು ತೊಳೆಯದೆ ಹೊಸಿಲು ದಾಟಿದರೆ ನಮ್ಮವ್ವ ಅರ್ಧ ದಿನ ಉಪವಾಸ ಕೂರುವವಳು.

ಪಂಪಿನ ಕೀರ್ತಿ ಊರಲ್ಲೆಲ್ಲ ಹಬ್ಬಿತು. ಹೈಸ್ಕೂಲಿನವರು ಕಾಲ್ಚೆಂಡಿಗೆ ಕೇಳಿಕೊಂಡು ಬಂದರು. ನಾಟಕದವರು ಹಾರ್ಮೋನಿಯಂ ಧೂಳು ಹೊಡೆಯಲು ತೆಗೆದುಕೊಂಡು ಹೋದರು. ಒಂದು ದಿನ ಗಿರಿಜೆ ಹಸಿ ಸೌದೆಯ ಒಲೆಯ ಮುಂದೆ ಅದನ್ನು ಹಿಡಿದು ಕೂತಿದ್ದಳು. "ಊದಿ ಊದಿ ನನ್ನ ಕೆನ್ನೆ ನೋಯ್ತಿತ್ತು, ನಿಮ್ಮ ಪಂಪು ಸುಮ್ನೆ ಕೂತಿತ್ತು" ಎಂದಳು. ನಾನು ಮುಖ ಗಂಟು ಹಾಕಿಕೊಂಡೆ. ಆದರೆ ಆ ದಿನ ಸಾರು ಬೇಗ ಆದದ್ದು ನಿಜ.

ಎಲ್ಲರೂ ಮೆಚ್ಚಿದ ಈ ಗಾಡಿಯನ್ನು ಮೆಚ್ಚದವರು ನಮ್ಮ ಮಾವನವರು ಒಬ್ಬರೇ. ಅವರು ಪಾವಗಡದಾಚೆ ನಿಡುಗಲ್ಲಿನವರು. ಬೆಟ್ಟದ ಬುಡದಲ್ಲಿ ಹುರುಳಿ, ಕಡಲೆಕಾಯಿ ಬೆಳೆದುಕೊಂಡು, ತಮ್ಮ ಜೋಡೆತ್ತುಗಳ ಮೇಲೆ ಮಕ್ಕಳಿಗಿಂತ ಒಂದು ಗುಲಗಂಜಿ ಹೆಚ್ಚು ಅಭಿಮಾನ ಇಟ್ಟುಕೊಂಡಿದ್ದವರು. ಎತ್ತಿನ ಗಾಡಿಯಲ್ಲಿ ಹೋಗಿ ಬರಲು ದಿನಗಳೇ ಹಿಡಿಯುತ್ತಿದ್ದುದರಿಂದ ಗಿರಿಜೆಗೆ ತವರೆಂದರೆ ವರ್ಷಕ್ಕೊಂದು ಸಲ. ಮೋಟಾರ್ ಸೈಕಲ್ಲು ಬಂದ ದಿನದಿಂದ ಅವಳು ಬಾಯಿಬಿಟ್ಟು ಕೇಳದಿದ್ದರೂ ಅದರ ಹಿಂದಿನ ಸೀಟನ್ನು ದಿನವೂ ಒರೆಸುತ್ತಿದ್ದಳು. ಕೊನೆಗೆ ಆ ವರ್ಷದ ವಿಜಯದಶಮಿಗೆ ಬನ್ನಿ ಕೊಡುವ ಹೊತ್ತಿಗೆ ಕರೆದುಕೊಂಡು ಬರುತ್ತೇನೆಂದು, ಮಧುಗಿರಿಯ ಸಂತೆಗೆ ಬಂದಿದ್ದ ಮಾವನವರಿಗೆ ಹೇಳಿಯೇಬಿಟ್ಟೆ. ಅವರು ಮೀಸೆಯಡಿಯಲ್ಲೇ ನಕ್ಕು, "ಬನ್ನಿ ಅಳಿಯಂದ್ರೇ, ಬ್ಯಾಡ ಅನ್ನಲ್ಲ. ಆದ್ರೆ ದಾರೀಲಿ ಒಂದ್ಸಲ ಅದು ಕೈಕೊಡ್ತು ಅಂದ್ರೆ, ನಮ್ಮ ಮಗಳು ಇನ್ನೊಂದ್ ದಪ ಅದ್ರ ಮ್ಯಾಲೆ ಕೂರಂಗಿಲ್ಲ. ನಮ್ಮ ಗಾಡಿ ಐತೆ, ವರ್ಷಕ್ಕೊಂದ್ಸಲ ಬಂದ್ರೆ ಸಾಕು" ಎಂದರು. ಇದನ್ನು ಕೇಳಿದಂದಿನಿಂದ ಗಿರಿಜೆ ಸೀಟಿನ ಜೊತೆಗೆ ಚಕ್ರಗಳನ್ನೂ ಒರೆಸತೊಡಗಿದಳು.

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಅಂದು ಕುಡುಗೋಲಿನಿಂದ ಹಿಡಿದು ಅಡಕೊತ್ತಿನವರೆಗೆ ಎಲ್ಲವೂ ತೊಳೆಸಿಕೊಂಡು, ವಿಭೂತಿ ಬಳಿಸಿಕೊಂಡು, ದೇವರ ಮನೆಯಲ್ಲಿ ಸಾಲಾಗಿ ಕೂರುತ್ತವೆ. ಮರುದಿನ ಬೆಳಿಗ್ಗೆ ಅವ್ವ ಪೂಜೆ ಮಾಡಿ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಪಕ್ಕದೂರಿಗೆ ಹೋಗಿದ್ದವನು ಬಂದು ನೋಡುತ್ತೇನೆ, ನನ್ನ ಪೆಟ್ಟಿಗೆಯ ಸಾಮಾನೆಲ್ಲ ಅಲ್ಲಿ ಕೂತಿದೆ! ನಡುವೆ ಪಂಪು, ಮೈತುಂಬ ಮೂರು ಪಟ್ಟೆ ವಿಭೂತಿ, ಕುತ್ತಿಗೆಗೆ ಚೆಂಡು ಹೂ, ದೀಪದ ಬೆಳಕಿಗೆ ಚಿನ್ನದ ಹಾಗೆ ಹೊಳೆಯುತ್ತಿದೆ. "ಅವ್ವಾ, ಇದನ್ನ ಹೆಂಗೆ ತೊಳೆದೆ?" ಎಂದೆ. "ಹಿತ್ತಾಳೆ ಹೆಂಗೆ ತೊಳೀತಾರ್ಲಾ? ಹುಣಿಸೇಹಣ್ಣು, ಬೂದಿ ಹಾಕಿ ತಿಕ್ದೆ. ಒಳಗೆಲ್ಲಾ ಜಿಡ್ಡು ಕಣ್ಲಾ! ಕುದಿಯೋ ನೀರು ಉಯ್ದು, ಬಂಡೆ ಮ್ಯಾಲೆ ಬಿಸಿಲಿಗಿಟ್ಟಿದ್ದೆ. ಅಂಗೇ ಕೊಳಕಾಗಿರೋದ್ನ ದ್ಯಾವ್ರ ಮುಂದೆ ಇಕ್ಕಕ್ಕಾಯ್ತದಾ?" ಎಂದಳು. ಮಡಿಯುಟ್ಟು ನಿಂತ ಅವಳಿಗೆ, ದೇವರ ಪಕ್ಕದಲ್ಲೇ ಚರ್ಮದ ಬಿಲ್ಲೆಯನ್ನು ಕೂರಿಸಿದ್ದೀಯೆ ಎಂದು ಹೇಳುವ ಧೈರ್ಯ ನನ್ನ ವಂಶದಲ್ಲೇ ಯಾರಿಗೂ ಇಲ್ಲ. ನಾನೂ ಕೈಮುಗಿದು ಮಂಗಳಾರತಿ ತೆಗೆದುಕೊಂಡೆ.

ಬೆಳಿಗ್ಗೆ ಪೂಜೆಯಾಗಿ, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿ, ನಾವು ಹೊರಟೆವು. ಅವ್ವ ಬೀಗರ ಮನೆಗೆಂದು ಒಬ್ಬಟ್ಟಿನ ಡಬ್ಬಿಯನ್ನೂ ಒಂದು ಗಿಂಡಿ ತುಪ್ಪವನ್ನೂ ಗಿರಿಜೆಯ ಮಡಿಲಿಗಿಟ್ಟು, "ನಮ್ಮ ಎಮ್ಮೆ ತುಪ್ಪ ಎಂಗಿರ್ತದೆ ಅಂತ ನಿಮ್ಮಪ್ಪ ನೋಡ್ಲಿ ಕಣಮ್ಮ" ಎಂದಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಗಿರಿಜೆ ಸೆರಗು ಬಿಗಿದು, ಒಂದು ಕೈಯಲ್ಲಿ ನನ್ನ ಕೋಟು, ಇನ್ನೊಂದರಲ್ಲಿ ಗಿಂಡಿ ಹಿಡಿದು ಕೂತಳು. ಮಿಡಿಗೇಶಿ ದಾಟುವವರೆಗೆ ನಮ್ಮಷ್ಟು ಸುಖಿಗಳು ಮೈಸೂರು ಸೀಮೆಯಲ್ಲೇ ಇರಲಿಲ್ಲ. ಅವಳು ಹಾಡಿಕೊಳ್ಳುತ್ತಿದ್ದಳು. ಗಾಡಿಯ ಸದ್ದಿನಲ್ಲಿ ಯಾವ ಹಾಡೆಂದು ಕೇಳಿಸದಿದ್ದರೂ ಬೆನ್ನಿಗೆ ತಿಳಿಯುತ್ತಿತ್ತು.

ಅಲ್ಲಿಂದ ಸ್ವಲ್ಪ ಮುಂದೆ ಹಿಂದಿನ ಚಕ್ರ ಉಸ್ಸೆಂದಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ದಿನ ಹೊತ್ತು ತಿರುಗಿದ ಪೆಟ್ಟಿಗೆಗೆ ಇವತ್ತು ಸಾರ್ಥಕವೆಂದು ತೋಳು ಮಡಿಸಿ, ಟೈರು ಬಿಚ್ಚಿ, ಮುಳ್ಳು ಕಿತ್ತು, ತೇಪೆ ಹಾಕಿ, ಟೈರು ಕೂರಿಸಿ, ಪಂಪು ಹಚ್ಚಿದೆ. ಹಿಡಿ ಸಲೀಸಾಗಿ ಒಳಗೆ ಹೋಯಿತು, ಸಲೀಸಾಗಿ ಹೊರಗೆ ಬಂತು, ಗಾಳಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಚರ್ಮದ ಬಿಲ್ಲೆ ಹಪ್ಪಳದ ಹಾಗೆ ಮುರುಟಿಕೊಂಡಿದೆ. ಹುಣಿಸೇಹಣ್ಣು, ಬೂದಿ, ಕುದಿಯುವ ನೀರು, ಬಂಡೆಯ ಬಿಸಿಲು. ದೇವರೇ ತಡೆಯಲಾರದ ಪೂಜೆ!

ದೂರದಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕನನ್ನು ಕೂಗಿದೆ. ಅವನು ನನ್ನ ಗಾಡಿಯನ್ನು ಗುರುತು ಹಿಡಿದು, ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಸರಿದು, "ದೇವಿ ಹಾಕಕ್ ಬಂದ್ರಾ ಸಾಮೀ? ಮಾ ಊರಾಗೆ ಪಿಲ್ಲಲು ಎವರೂ ಲೇರು! ಎಲ್ರೂ ಹಬ್ಬಕ್ಕೋಗವ್ರೆ!" ಎಂದು, ಊರಲ್ಲಿ ಮಕ್ಕಳೇ ಇಲ್ಲವೆಂದು ತೆಲುಗು ಬೆರೆಸಿ ಸಾಧಿಸಿದ. "ದೇವಿ ಅಲ್ಲಪ್ಪಾ, ಎಣ್ಣೆ! ಒಂದು ತೊಟ್ಟು ಎಣ್ಣೆ ಸಿಕ್ಕೀತಾ?" ಎಂದರೆ, "ಎಣ್ಣೇನೂ ಲೇದು ಸಾಮೀ, ಏಮೂ ಲೇದು!" ಎನ್ನುತ್ತ ಕುರಿಗಳ ಸಮೇತ ಗುಡ್ಡದ ಹಿಂದೆ ಮಾಯವಾದ. ನನ್ನ ಉದ್ಯೋಗದ ಮಹಿಮೆ.

ಹೊತ್ತು ಇಳಿಯುತ್ತಿತ್ತು. ಗಿರಿಜೆ ಕಲ್ಲಿನ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ವರ್ಷಕ್ಕೊಂದು ಸಲ ಎಂಬ ಲೆಕ್ಕ ಅವಳ ಮುಖದ ಮೇಲೆ ಕಾಣುತ್ತಿತ್ತು. "ಒಂದು ತೊಟ್ಟು ಜಿಡ್ಡು ಇದ್ದಿದ್ರೆ ಸಾಕಿತ್ತು" ಎಂದು ಗೊಣಗಿದೆ. ಅವಳು ತಿರುಗಿ, "ಎಣ್ಣೇನೇ ಆಗ್ಬೇಕಾ? ತುಪ್ಪ ಆಗಲ್ವಾ?" ಎಂದಳು. ನಾನು ಗಿಂಡಿಯನ್ನು ನೋಡಿದೆ, ಅವಳನ್ನು ನೋಡಿದೆ. ಅವ್ವನ ಎಮ್ಮೆ ತುಪ್ಪ, ಚರ್ಮಕ್ಕೆ! "ಅವ್ವನಿಗೆ ಗೊತ್ತಾದ್ರೆ?" ಎಂದೆ. "ಅತ್ತೆಗೆ ಚರ್ಮ ಇರೋದೂ ಗೊತ್ತಿಲ್ಲ, ತುಪ್ಪ ಹಾಕಿದ್ದೂ ಗೊತ್ತಾಗಲ್ಲ. ಹಚ್ಚಿ ಅಂದ್ರೆ!" ಎಂದಳು. ಬಿಲ್ಲೆ ತುಪ್ಪ ಕುಡಿದು ಮೆತ್ತಗಾಗುವವರೆಗೆ ನಾವು ಒಂದೊಂದು ಒಬ್ಬಟ್ಟು ತಿಂದೆವು. ಆಮೇಲೆ ಪಂಪು ಒತ್ತಿದರೆ ಟೈರು ಗಟ್ಟಿಯಾಗುತ್ತ ಬಂತು, ಸುತ್ತಲೂ ಹಬ್ಬದ ಅಡುಗೆಮನೆಯ ಘಮ ಎದ್ದಿತು.

ನಿಡುಗಲ್ಲು ಮುಟ್ಟಿದಾಗ ಬನ್ನಿ ಹಂಚುವುದಕ್ಕೆ ಜನ ಆಗತಾನೇ ಸೇರುತ್ತಿದ್ದರು. ಮಾವನವರು ಗಾಡಿಯ ಸುತ್ತ ಎತ್ತು ಕೊಳ್ಳುವವರ ಹಾಗೆ ಒಂದು ಸುತ್ತು ಬಂದು, "ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಾ?" ಎಂದರು. "ಏನೂ ಇಲ್ಲಪ್ಪಾ" ಎಂದು ಗಿರಿಜೆ ನನಗಿಂತ ಮೊದಲೇ ಹೇಳಿದಳು. ಅಷ್ಟರಲ್ಲಿ ಅವರ ಮನೆಯ ನಾಯಿ ಬಂದು, ಪೆಟ್ಟಿಗೆಯಿಂದ ಇಣುಕುತ್ತಿದ್ದ ಪಂಪನ್ನು ಬಹಳ ಭಕ್ತಿಯಿಂದ ನೆಕ್ಕತೊಡಗಿತು. ಮಾವನವರು ನಾಯಿಯನ್ನು ನೋಡಿದರು, ಅರ್ಧ ಖಾಲಿಯಾದ ಗಿಂಡಿಯನ್ನು ನೋಡಿದರು, ಮಗಳನ್ನು ನೋಡಿದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಾನು ಎಲ್ಲವನ್ನೂ ಹೇಳಿದೆ. ಅವರು ಗದ್ದ ತುರಿಸಿಕೊಂಡು, "ಅಲ್ಲಾ ಅಳಿಯಂದ್ರೇ, ನಮ್ಮ ಗಾಡಿಗೆ ಕೀಲೆಣ್ಣೆ ಹಾಕ್ತೀವಿ. ಇದ್ಕೆ ಎಣ್ಣೆಗಿಣ್ಣೆ ಏನೂ ಬ್ಯಾಡ್ವಾ?" ಎಂದರು. ಯಂತ್ರದ ವಿಷಯ ಕೇಳಿದರೆ ನನಗೆ ಮೈಮರೆಯುತ್ತದೆ. "ಬೇಡವೇ ಮತ್ತೆ? ಇಲ್ಲಿ ನೋಡಿ" ಎಂದು, ಎಂಜಿನ್ನಿಗೆಂದು ಬೇರೆಯೇ ಇರುವ ಎಣ್ಣೆಯ ಟ್ಯಾಂಕಿನ ಮುಚ್ಚಳ ತಿರುಗಿಸಿ ತೋರಿಸಿದೆ.

ಟ್ಯಾಂಕಿನ ತುಂಬ ಎಣ್ಣೆ ತುಳುಕುತ್ತಿತ್ತು.

ನಾಯಿ ಕೂಡ ನೆಕ್ಕುವುದನ್ನು ನಿಲ್ಲಿಸಿತು. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಕ್ಕೆ ಓಡಿದಳು. ಒಳಗಿಂದ ನಗು ಬಹಳ ಹೊತ್ತು ಕೇಳಿಸಿತು. ಮಾವನವರು ಮಾತ್ರ ನಗಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ರೋಗಿಯ ಹತ್ತಿರ ಮಾತಾಡುವಷ್ಟು ಮೆಲ್ಲಗೆ, "ಗಾಡಿ ಏನೋ ಸರಿಯಾಗೈತೆ, ಅದ್ರ ತಪ್ಪಿಲ್ಲ. ಆದ್ರೆ ನಿಮ್ಮನ್ನ ಒಬ್ರನ್ನೇ ಇದ್ರ ಮ್ಯಾಲೆ ಕಳಿಸಂಗಿಲ್ಲ ಬುಡಿ. ಇನ್ಮ್ಯಾಗೆ ಎಲ್ಲಿಗೋದ್ರೂ ನಮ್ಮ ಮಗಳು ಜೊತೇಲಿರ್ಲಿ. ತಿಂಗಳು ತಿಂಗಳೂ ಇಲ್ಲಿಗೂ ಬಂದ್ಬುಡಿ, ಹುಸಾರಾಗಿದ್ದೀರೋ ಇಲ್ವೋ ನೋಡ್ಬೇಕಲ್ಲ" ಎಂದು, ನನ್ನ ಕೈಗೆ ಬನ್ನಿ ಕೊಟ್ಟರು.

ಹೀಗೆ ಗಿರಿಜೆಗೆ ತವರು ತಿಂಗಳಿಗೊಂದಾಯಿತು. ನನ್ನ ಆಪತ್ತಿನ ಪೆಟ್ಟಿಗೆ ಈಗಲೂ ಹಿಂದೆ ಇದೆ, ಆದರೆ ಅದರ ಮೇಲೆ ಅವಳ ಸೀರೆಯ ಗಂಟು ಇರುವುದರಿಂದ ತೆರೆಯುವುದು ಕಷ್ಟ. ಊರಿಗೆ ಹಿಂದಿರುಗಿದ ದಿನ ಅವ್ವ, "ತುಪ್ಪ ಎಂಗಿತ್ತಂತೆ?" ಎಂದು ಕೇಳಿದಳು. "ಅದಿಲ್ದಿದ್ರೆ ಹಬ್ಬಾನೇ ಆಗ್ತಿರ್ಲಿಲ್ಲ ಅತ್ತೆ" ಎಂದಳು ಗಿರಿಜೆ, ಒಂದು ಸುಳ್ಳೂ ಬೆರೆಸದೆ. ಅವ್ವ ಹಿಗ್ಗಿ ಹೀರೆಕಾಯಿಯಾದಳು. ಅಂದಿನಿಂದ ಮನೆಯಲ್ಲಿ ಕಾಯಿಸಿದ ತುಪ್ಪವೆಲ್ಲ ನಿಡುಗಲ್ಲಿಗೆಂದು ಗಿಂಡಿ ಸೇರುತ್ತಿದೆ. ಪಂಪಿನ ಬಿಲ್ಲೆ ಬೆಣ್ಣೆಯಂತೆ ಮೆತ್ತಗಿದೆ, ಮಾವನವರ ನಾಯಿ ದುಂಡಗಾಗಿದೆ. ನಾನೊಬ್ಬ ಮಾತ್ರ ಎಲೆಯ ಮುಂದೆ ಕೂತು, ಒಣ ಒಬ್ಬಟ್ಟು ಮುರಿಯುತ್ತ, ಟ್ಯಾಂಕಿನ ಎಣ್ಣೆಯನ್ನು ನೆನೆಯುತ್ತಿರುತ್ತೇನೆ.