ನನ್ನ ಮೌನಾಚರಣೆಗೆ ನಾನೂ ಎದ್ದು ನಿಂತ ಬಗ್ಗೆ

ಮಾನ್ಯ ಸಂಚಾಲಕರಿಗೆ,
ಹಳೆಯ ಕ್ರೀಡಾಪಟುಗಳ ಬಳಗ,
ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ.

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ತಮ್ಮ ಕಚೇರಿಯ ಕಂಪ್ಯೂಟರೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮವೆಂದು ಬರೆಯುವುದು ವಾಡಿಕೆಯಾದರೂ, ತಮ್ಮ ದಾಖಲೆಯಲ್ಲಿ ಹಾಗಿಲ್ಲವಾದ್ದರಿಂದ ಆ ವಾಕ್ಯವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಕಳೆದ ತಿಂಗಳು ಚಿಕ್ಕೋಡಿಯಲ್ಲಿ ತಾವು ಬಳಗವನ್ನು ಉದ್ಘಾಟಿಸಿದ ರೀತಿ ಅಚ್ಚುಕಟ್ಟಾಗಿತ್ತು. ಬಾಗಿಲಲ್ಲಿದ್ದವರು ಪಟ್ಟಿಯಲ್ಲಿ ನನ್ನ ಹೆಸರು ಸಿಗದಿದ್ದರೂ ಬಿಸಿಲಿಗೆ ನಿಲ್ಲಿಸದೆ, ಪಾಲಕರಿಗೆಂದು ಇಟ್ಟಿದ್ದ ಹಿಂದಿನ ಸಾಲಿನಲ್ಲಿ ಕೂರಿಸಿದರು. ದೀಪ ಹಚ್ಚಿದಿರಿ, ಶಾಲು ಹೊದಿಸಿದಿರಿ, ನಂತರ ಕೊಂಚ ಗದ್ಗದರಾಗಿ, ನಮ್ಮನ್ನಗಲಿದ ಮಹಿಳಾ ಖೋ-ಖೋ ತಂಡದ ನಾಯಕಿ ಐನಾಪುರದ ಭಾಗ್ಯಾ ತವನಪ್ಪ ಮಗದುಮ್ಮ ಅವರಿಗಾಗಿ ಒಂದು ನಿಮಿಷ ಮೌನ ಆಚರಿಸಲು ಕರೆ ಕೊಟ್ಟಿರಿ. ಸಭೆ ಎದ್ದು ನಿಂತಿತು. ಎಲ್ಲರೂ ನಿಂತಿರುವಾಗ ಒಬ್ಬಳೇ ಕೂರುವುದು ಸಭ್ಯತೆಯಲ್ಲವೆಂದು ಭಾಗ್ಯಾ ಆಗಿದ್ದ ನಾನೂ ಎದ್ದು ನಿಂತೆ. ಒಂದು ನಿಮಿಷ ಎಂದವರು ನಲವತ್ತು ಸೆಕೆಂಡಿಗೇ ಕೂರಿಸಿದಿರಿ; ವಿಶ್ವವಿದ್ಯಾಲಯಕ್ಕೆ ಎರಡು ಪಾರಿತೋಷಕ ಢಾಲು ಗೆದ್ದುಕೊಟ್ಟವಳಿಗೆ ಇನ್ನಿಪ್ಪತ್ತು ಸೆಕೆಂಡು ಹೆಚ್ಚಾಗುತ್ತಿರಲಿಲ್ಲ ಎಂಬುದು ನನ್ನ ಮೊದಲ ದೂರು.

ನನ್ನ ಸಾವು ಸಂಭವಿಸಿದ ಬಗೆಯನ್ನು ತಮ್ಮ ಮಾಹಿತಿಗಾಗಿ ವಿವರಿಸುತ್ತೇನೆ. ನಮ್ಮ ಗಡಿಭಾಗದ ಹಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ವರನ ಕೈಯಿಂದ ಉಂಗುರದಲ್ಲಿ ವಧುವಿಗೆ ಹೊಸ ಹೆಸರು ಬರೆಸುತ್ತಾರೆ. ಕಾಗವಾಡದ ನನ್ನ ಯಜಮಾನರು ದುಂಡಗಿನ ಅಕ್ಷರದಲ್ಲಿ ಪ್ರಾಜಕ್ತಾ ಎಂದು ಬರೆದರು. ತಂದೆಯ ಹೆಸರಿದ್ದಲ್ಲಿ ಅವರ ಹೆಸರು ಬಂತು, ಅಡ್ಡಹೆಸರೂ ಹೋಯಿತು. ಖೋ-ಖೋ ಅಂಗಳದಲ್ಲಿ ಕಂಬದ ಬುಡಕ್ಕೆ ಬಿದ್ದು ಮಾಡಿಕೊಂಡ ಮೊಣಕಾಲಿನ ಕಲೆಯೊಂದೇ ಹಳೆಯದು, ಅದಕ್ಕೆ ತಮ್ಮ ಅರ್ಜಿಯಲ್ಲಿ ಕಾಲಂ ಇಲ್ಲ.

ಬಳಗಕ್ಕೆ ಹಳಬರನ್ನು ಹುಡುಕುತ್ತ ತಮ್ಮ ಗುಮಾಸ್ತರು ನನ್ನ ತಂದೆಗೆ ಫೋನು ಮಾಡಿ ಭಾಗ್ಯಾ ಇದ್ದಾರೆಯೇ ಎಂದು ಕೇಳಿದ್ದಾರೆ. ಕಿವಿ ಮಂದವಾದರೂ ಬಾಯಿ ಚುರುಕಾಗಿರುವ ತಂದೆ, “ಭಾಗ್ಯಾ ಈಗ ಎಲ್ಲಿ ಅದಾಳ್ರಿ? ಆಕಿ ಹೋಗಿ ಹನ್ನೆರಡು ವರ್ಷ ಆತು,” ಎಂದಿದ್ದಾರೆ. ಗುಮಾಸ್ತರು ಮರುಗಿ, ಧೈರ್ಯ ತಂದುಕೊಳ್ಳಿ ಎಂದಾಗ, “ಧೈರ್ಯಾ ಏನ್ರಿ, ಹೆಣ್ಣು ಅಂದ ಮ್ಯಾಲ ಒಂದಿನ ಹೋಗಾಕಬೇಕಲ್ರಿ,” ಎಂದು ತಾವೇ ಅವರನ್ನು ಸಮಾಧಾನಪಡಿಸಿದ್ದಾರೆ. ಹೋಗಿದ್ದು ಗಂಡನ ಮನೆಗೆ ಎಂದು ಹೇಳುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಇಷ್ಟು ಬೇಗ ಮುಗಿದ ಸರಕಾರಿ ಕೆಲಸವನ್ನು ನಾನು ಬೇರೆ ಕಂಡಿಲ್ಲ.

ಇದನ್ನೆಲ್ಲ ನಕ್ಕು ಬಿಟ್ಟುಬಿಡುತ್ತಿದ್ದೆ. ಆದರೆ ಆ ದಿನ ವೇದಿಕೆಯಲ್ಲಿ ನನ್ನ ಬಗ್ಗೆ ಮಾತನಾಡಿದವಳು ತೆಲಸಂಗದ ಸುಜಾತಾ. ಮೂರು ವರ್ಷ ಆಕೆಯ ಅಂಗೈ ಬೆನ್ನಿಗೆ ತಾಗಿ ಖೋ ಎಂದ ಮೇಲೆಯೇ ನಾನು ಎದ್ದು ಓಡಿದ್ದು. ಮದುವೆಗಳಾಗಿ ಇಬ್ಬರ ನಂಬರೂ ಬದಲಾಗಿ, ಆಕೆಯನ್ನು ನಾನು ಕಳೆದುಕೊಂಡಿದ್ದೆ. “ನನ್ನ ಗೆಳತಿ ಸಾಯೂದಕ್ಕಿಂತ ಮೊದಲ ಒಂದ್ಸಲ ಮಾತಾಡ್ಬೇಕಿತ್ರಿ,” ಎಂದು ಆಕೆ ಅತ್ತಾಗ ನನಗೂ ಅಳು ತಡೆಯಲಾಗಲಿಲ್ಲ. ಚಹಾದ ಸಾಲನ್ನು ಸೀಳಿಕೊಂಡು ನಾನು ಮುಂದೆ ಬರುವಷ್ಟರಲ್ಲಿ ಆಕೆ ಬಸ್ಸಿಗೆ ಹೊರಟುಹೋಗಿದ್ದಳು.

ಆಕೆಯ ನಂಬರು ತಮ್ಮಲ್ಲಿದೆ. ಅದನ್ನು ಸದಸ್ಯರಿಗೆ ಮಾತ್ರ ಕೊಡುವ ಶಿಸ್ತನ್ನು ಮೆಚ್ಚಿಕೊಂಡೇ ನಾನು ಸದಸ್ಯತ್ವಕ್ಕಾಗಿ ಕಚೇರಿಗೆ ಬಂದಿದ್ದೆ. ಪ್ರಾಜಕ್ತಾ ಎಂಬವರು ಇಲ್ಲಿ ಆಡಿಯೇ ಇಲ್ಲ ಎಂದರು. ಭಾಗ್ಯಾ ಆಡಿದ್ದಾರೆ, ಆದರೆ ತೀರಿಕೊಂಡಿದ್ದಾರೆ ಎಂದರು. ಮದುವೆಯ ಕರೆಯೋಲೆ ತೋರಿಸಿದೆ, ಫೋಟೋ ತೋರಿಸಿದೆ. “ಅಕ್ಕಾರ, ನೀವು ಹೇಳೂದು ಖರೇ ಇರಬಹುದ್ರಿ. ಆದ್ರ ದಿವಂಗತ ಅನ್ನೂದು ತಗೀಬೇಕಂದ್ರ ಅವರ ಸಹೀನ ಬೇಕು. ಭಾಗ್ಯಾ ಅವರನ್ನ ಒಂದ್ಸಲ ಕರಕೊಂಡ ಬರ್ರಿ,” ಎಂದು ಗುಮಾಸ್ತರು ಕುರ್ಚಿ ಕೊಟ್ಟು, ನೀರು ಕೊಟ್ಟು, ಸೌಜನ್ಯದಿಂದ ಕಳುಹಿಸಿಕೊಟ್ಟರು.

ಆದ್ದರಿಂದ ಮಾನ್ಯರೇ, ನನ್ನನ್ನು ಬದುಕಿಸಲು ತಾಂತ್ರಿಕ ತೊಂದರೆ ಇದ್ದರೆ ದಿವಂಗತರ ವಿಭಾಗದಲ್ಲಿಯೇ ಸದಸ್ಯತ್ವ ದಯಪಾಲಿಸಬೇಕು. ನಾನು ಚುನಾವಣೆಗೆ ನಿಲ್ಲುವುದಿಲ್ಲ, ಸಭೆಗೆ ಬಂದರೆ ಚಹಾ ಕೇಳುವುದಿಲ್ಲ, ನನ್ನ ಹೆಸರಿನಲ್ಲಿ ಸ್ಮಾರಕ ಢಾಲು ಇಟ್ಟರೆ ಅದನ್ನು ನಾನೇ ಬಂದು ಒರೆಸಿಡುತ್ತೇನೆ. ಅದೂ ಆಗದಿದ್ದರೆ ಸುಜಾತಾಳಿಗೆ ತಾವೇ ಒಂದು ಫೋನು ಮಾಡಿ, ತೀರಿಕೊಂಡ ಭಾಗ್ಯಾ ಕಾಗವಾಡದಲ್ಲಿ ಕಾಯುತ್ತಿದ್ದಾಳೆ ಎಂದಷ್ಟು ತಿಳಿಸಿದರೆ ಸಾಕು. ಆಕೆ ಅಳುತ್ತಿರುವುದು ನನಗೆ ಸಹಿಸಲಾಗುತ್ತಿಲ್ಲ.

ತಾವು ಶ್ರದ್ಧಾಂಜಲಿ ಸಲ್ಲಿಸಿದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪ್ರಾಜಕ್ತಾ ಅಭಿನಂದನ ಚೌಗಲೆ
(ದಿವಂಗತ ಭಾಗ್ಯಾ ತವನಪ್ಪ ಮಗದುಮ್ಮ)
ಕಾಗವಾಡ

ತಾ.ಕ.: ತಮ್ಮ ಸ್ಮರಣ ಸಂಚಿಕೆ ನಿನ್ನೆ ಕೈಸೇರಿತು. ಅದರಂತೆ ಪುರುಷರ ಕಬಡ್ಡಿ ತಂಡದ ಹನ್ನೆರಡೂ ಮಂದಿ ಜೀವಂತವಾಗಿದ್ದಾರೆ, ಸಂತೋಷ. ನಮ್ಮ ಖೋ-ಖೋ ತಂಡದ ಹನ್ನೆರಡರಲ್ಲಿ ನನ್ನನ್ನು ಬಿಟ್ಟು ಇನ್ನೂ ನಾಲ್ವರು ದಿವಂಗತರು. ಆ ನಾಲ್ವರ ಮದುವೆಯ ಅಕ್ಕಿಕಾಳಿಗೂ ಹೋಗಿ ಹೊಟ್ಟೆತುಂಬ ಉಂಡು ಬಂದವಳು ನಾನು. ಅದು ಅಂತ್ಯಸಂಸ್ಕಾರವೆಂದು ಆಗ ಯಾರೂ ಹೇಳಲಿಲ್ಲ.