ಮಾರಿದ ಗಾಡಿಯ ಚಾವಿ

ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರಗಳನ್ನೆಲ್ಲ ನಾನೇ ತೆಗೆದುಕೊಳ್ಳುತ್ತೇನೆ. ಮೋಟಾರ್ ಸೈಕಲ್ ಮಾರುವ ನಿರ್ಧಾರವನ್ನಂತೂ ನಾಲ್ಕು ವರ್ಷಗಳಲ್ಲಿ ಹನ್ನೊಂದು ಸಲ ತೆಗೆದುಕೊಂಡಿದ್ದೆ. ಹನ್ನೆರಡನೆಯ ಸಲ ಅದನ್ನು ಜಾರಿಗೂ ತಂದೆ. ಅಲ್ಲಿಯೇ ಎಡವಿದ್ದು!

ಗಾಡಿಗೆ ವಯಸ್ಸಾಗಿತ್ತು. ನನಗೂ ಆಗಿತ್ತು, ಆದರೆ ನನ್ನನ್ನು ಕೊಳ್ಳುವವರು ಇರಲಿಲ್ಲ. ಬೆಟಗೇರಿಯ ನಮ್ಮ ಮನೆಯಿಂದ ಶಿರಹಟ್ಟಿಯ ಶಾಲೆಗೆ ಇಪ್ಪತ್ತೆರಡು ವರ್ಷ ನನ್ನನ್ನು ಹೊತ್ತು ತಿರುಗಿದ ಗಾಡಿ ಅದು. ಈಚೆಗೆ ಮೂವತ್ತು ಕಿಕ್ ಹೊಡೆದರೆ ಒಮ್ಮೆ ಕೆಮ್ಮುತ್ತಿತ್ತು. ನಲವತ್ತಕ್ಕೆ ಶುರುವಾಗುತ್ತಿತ್ತು. ಅಷ್ಟರಲ್ಲಿ ನಾನು ಬಂದ್ ಆಗಿರುತ್ತಿದ್ದೆ! ಶಾಲೆಗೆ ಹೋಗಿ ಮೊದಲ ಪಿರಿಯಡ್ಡಿನಲ್ಲಿ ಮಕ್ಕಳಿಗೆ "ಮನಸಿನ್ಯಾಗ ಓದ್ಕೊಳ್ರಿ" ಎಂದು ಅಪ್ಪಣೆ ಕೊಡಿಸಿ, ಕುರ್ಚಿಯಲ್ಲಿ ಕುಳಿತು ಉಸಿರು ಹುಡುಕುತ್ತಿದ್ದೆ.

ಆದರೂ ಮಾರಲು ಮನಸ್ಸು ಬಾರದ್ದಕ್ಕೆ ಒಂದು ಕಾರಣವಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ. ನಾನು ಮತ್ತು ನನ್ನ ಹೆಂಡತಿ ಗಿರಿಜಾ ಮಾತಾಡುತ್ತಿದ್ದದ್ದು ಆ ಗಾಡಿಯ ಮೇಲೆ ಮಾತ್ರ. ಮನೆಯಲ್ಲಿ ಆಕೆಗೆ ಅಡುಗೆ, ಟಿ.ವಿ. ನನಗೆ ಪೇಪರು, ನಿದ್ದೆ. ಐತವಾರ ಸಂಜೆ ಆಕೆ ಹಿಂದೆ ಕುಳಿತಳೆಂದರೆ ವಾರದ ಮಾತೆಲ್ಲ ನನ್ನ ಬಲಗಿವಿಗೆ ಬೀಳುತ್ತಿತ್ತು. ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ನಾನು "ಹೂಂ" ಅನ್ನುತ್ತಿದ್ದೆ. ನಮ್ಮ ಸಂಸಾರ ಇಷ್ಟು ವರ್ಷ ಸುಸೂತ್ರವಾಗಿ ನಡೆದದ್ದು ಹಾಗೆ.

ಒಂದು ದಿನ ಗದಗಿನ ಮುಳಗುಂದ ನಾಕಾದಲ್ಲಿ, ನಟ್ಟನಡುವೆ, ಗಾಡಿ ನಿಂತುಬಿಟ್ಟಿತು. ಗಿರಿಜಾ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಷ್ಮೆ ಸೀರೆಯಲ್ಲೇ ನೂಕಿದಳು. ಅಲ್ಲಿ ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ "ಸರ್, ನಮಸ್ಕಾರ್ರಿ" ಎಂದು ಕೈಮುಗಿದನೇ ಹೊರತು ಆ ಕೈ ಗಾಡಿಗೆ ಹಚ್ಚಲಿಲ್ಲ. ನನ್ನ ಪಾಠದ ಫಲ!

"ಇನ್ನ ನಾ ಈ ಗಾಡಿ ಮ್ಯಾಲ ಕುಂಡ್ರಂಗಿಲ್ಲ. ಇಟ್ಕೋರಿ, ಮಾರ್ರಿ, ನಿಮಗ ಬಿಟ್ಟದ್ದು" ಎಂದಳು ಗಿರಿಜಾ.

ಆಕೆ ಕೂರದ ಗಾಡಿ ನನಗೂ ಏಕೆ? ಹೀಗೆ ಹನ್ನೆರಡನೆಯ ನಿರ್ಧಾರವಾಯಿತು.

ಕೊಳ್ಳಲು ಬಂದವನು ಡೋಣಿಯ ರೈತ ಫಕೀರಪ್ಪ. ಹೊಲಕ್ಕೆ ಹೋಗಿಬರಲು ಅವನಿಗೊಂದು ಗಾಡಿ ಬೇಕಿತ್ತು. ಎತ್ತು ಆರಿಸುವುದರಲ್ಲಿ ಅವನು ಎತ್ತಿದ ಕೈಯಂತೆ. ಗಾಡಿಯ ವಿಷಯ ಅವನಿಗೇನು ತಿಳಿದೀತು ಎಂದು ನಾನು ಒಂದು ಉಪಾಯ ಮಾಡಿದ್ದೆ. ಅವನು ಬರುವ ಮುಂಚೆ ಒಂದು ತಾಸು ಎಂಜಿನ್ ಓಡಿಸಿ ಕಾಯಿಸಿ ಇಟ್ಟಿದ್ದೆ, ಒಂದೇ ಕಿಕ್ಕಿಗೆ ಏಳಲಿ ಎಂದು.

ಫಕೀರಪ್ಪ ಗಾಡಿಯನ್ನು ಒಂದು ಸುತ್ತು ಹಾಕಿದ. ಬೆನ್ನು ಸವರಿದ. ಹಿಂದೆ ನಿಂತು ಸುಳಿ ನೋಡಿದ.

"ಎಷ್ಟ ಹಲ್ಲಾಗ್ಯಾವ್ರಿ ಇದಕ್ಕ?"

"ಇಪ್ಪತ್ತೆರಡು ವರ್ಷ."

"ಹಂಗಂದ್ರ ಎಲ್ಲಾ ಉದುರ್ಯಾವ ಬಿಡ್ರಿ" ಎಂದವನೇ ಎಂಜಿನ್ನಿನ ಮೇಲೆ ಕೈ ಇಟ್ಟು, ಚುರ್ರೆಂದು ಹಿಂದಕ್ಕೆ ಎಳೆದುಕೊಂಡ. ನನ್ನ ಮುಖ ನೋಡಿದ.

"ಮಾಸ್ತರ, ಸಂತಿಗೆ ಎತ್ತ ಹೊಡಕೊಂಡ ಬರೂ ಮುಂದ ಉಪ್ಪ ತಿನಿಸಿ ನೀರ ಕುಡಸ್ತಾರ್ರಿ, ಹೊಟ್ಟಿ ತುಂಬಿದಂಗ ಕಾಣ್ಲಿ ಅಂತ. ನೀವೂ ಹಂಗ ಮಾಡೀರಿ."

ನಾನು ನೆಲ ನೋಡಿದೆ. ಒಳಗಿನಿಂದ ಗಿರಿಜಾ ನಕ್ಕದ್ದು ಕೇಳಿಸಿತು.

"ಆದ್ರೂ ತಗೋತೀನ್ರಿ. ನಿಮಗ ಮೋಸ ಮಾಡಾಕ ಬರಂಗಿಲ್ಲ ಅನ್ನೂದು ಖಾತ್ರಿ ಆತು" ಎಂದ. ವ್ಯವಹಾರ ಮುಗಿಯಿತು.

ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ನಮ್ಮವ್ವ ಕೋಲೂರಿಕೊಂಡು ಹೊರಗೆ ಬಂದಳು. ಹಮ್ಮಿಗಿಯ ಒಕ್ಕಲುಮನೆತನದಲ್ಲಿ ಹುಟ್ಟಿ ಬೆಳೆದವಳು.

"ಲೇ ತಮ್ಮಾ, ಎತ್ತ ಮಾರಿದ್ರ ಹಗ್ಗ ಕೊಡ್ತಾರೇನೋ? ಹಗ್ಗ ಮನ್ಯಾಗ ಉಳೀಬೇಕು. ಅದನ್ನ ಕೊಟ್ರ ಅದರ ಬೆನ್ನಹತ್ತಿ ಲಕ್ಷ್ಮೀನೂ ಹೋಗ್ತಾಳ."

"ಅವ್ವಾ, ಗಾಡಿಗೆ ಹಗ್ಗ ಎಲ್ಲಿ ಐತಿ?"

"ಯಾವ್ದು ಇಲ್ಲಂದ್ರ ಅದು ಹೊಂಡಂಗಿಲ್ಲೋ, ಅದ ಹಗ್ಗ."

ಎಲ್ಲರೂ ನನ್ನ ಕೈಯಲ್ಲಿದ್ದ ಚಾವಿ ನೋಡಿದರು. ಚಾವಿ ಇಲ್ಲದ ಗಾಡಿಯನ್ನು ಯಾರು ಕೊಂಡಾರು? ಫಕೀರಪ್ಪನಾದರೂ ತಕರಾರು ಮಾಡುತ್ತಾನೆ ಎಂದು ಆಸೆಯಿಂದ ಅವನ ಕಡೆ ತಿರುಗಿದೆ. ಅವನು ಅವ್ವನಿಗೆ ಕೈಮುಗಿದು ನಿಂತಿದ್ದ.

"ಅವ್ವಾರ ಮಾತ ಖರೆ ಐತ್ರಿ. ಹಗ್ಗ ಇಸ್ಕೊಂಡ ಹ್ವಾದ್ರ ನಮಗೂ ಚಲೋ ಅಲ್ಲ."

ಬಸ್ ಸ್ಟ್ಯಾಂಡಿನ ಹತ್ತಿರ ಡುಪ್ಲಿಕೇಟ್ ಚಾವಿ ಮಾಡಿಸಿ ಫಕೀರಪ್ಪನಿಗೆ ಕೊಟ್ಟೆವು. ಹಳೆಯ ಚಾವಿ ಕುಂಕುಮ ಹಚ್ಚಿಸಿಕೊಂಡು ದೇವರ ಕೋಣೆಯ ಮೊಳೆಗೆ ಏರಿತು. ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಇಪ್ಪತ್ತೆರಡು ವರ್ಷ ಇದ್ದ ಮನೆಯ ಕಡೆ ತಿರುಗಿಯೂ ನೋಡದೆ ಓಣಿ ದಾಟಿತು! ಉಪಕಾರ ಸ್ಮರಣೆ ಇಲ್ಲದ ಗಾಡಿ.

ಮಧ್ಯಾಹ್ನ ಫೋನು ಬಂತು. "ಮಾಸ್ತರ, ಡಂಬಳದಾಗ ನಿಂತೇನ್ರಿ. ಪೆಟ್ರೋಲ್ ಮುಗದೈತಿ. ಟಾಕಿ ಬಾಯಿ ತಗೀವಲ್ದು."

ಡುಪ್ಲಿಕೇಟ್ ಚಾವಿಗೆ ಗಾಡಿ ಶುರುವಾಗುತ್ತಿತ್ತು, ಆದರೆ ಪೆಟ್ರೋಲ್ ಟಾಕಿಯ ಮುಚ್ಚಳ ತೆರೆಯುತ್ತಿರಲಿಲ್ಲ. ಮೊಳೆಯ ಮೇಲಿನ ಚಾವಿ ತೆಗೆದುಕೊಂಡು ಬಸ್ಸು ಹತ್ತಿ ಹೋದೆ. ಹಳೆಯ ಚಾವಿ ಮುಟ್ಟಿಸಿದ್ದೇ ತಡ, ಮುಚ್ಚಳ ಬಾಯಿ ಬಿಟ್ಟಿತು. ಪೆಟ್ರೋಲು ಬಿದ್ದಿತು.

"ಇದನ್ನ ನೀನ ಇಟ್ಕೋಪಾ ಫಕೀರಪ್ಪ" ಎಂದು ಕೈ ಚಾಚಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಛೇ ಛೇ! ಹಗ್ಗ ನಮಗ ಬ್ಯಾಡ್ರಿ."

ಮರುದಿನ ಡುಪ್ಲಿಕೇಟ್ ಚಾವಿ ಮಾಡಿಕೊಟ್ಟವನನ್ನು ಕೇಳಿದೆ. ಅವನು ಚಾವಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. "ಮುಚ್ಚಳಾ, ಚಾವಿ ಇಪ್ಪತ್ತೆರಡ ವರ್ಷ ಕೂಡೇ ಸವದಾವ್ರಿ. ಈಗ ಅದಕ್ಕ ಇದ ಬೇಕು. ಬ್ಯಾರೆದು ನಡಿಯಂಗಿಲ್ಲ."

ಹೊಸ ಮುಚ್ಚಳ ಗದಗಿನಲ್ಲಿ ಸಿಗಲಿಲ್ಲ, ಲಕ್ಷ್ಮೇಶ್ವರದಲ್ಲೂ ಸಿಗಲಿಲ್ಲ. ತೆರೆದೇ ಇಡೋಣವೆಂದರೆ ಹೊಲದ ಮಣ್ಣೆಲ್ಲ ಟಾಕಿಯೊಳಗೆ. ಹೀಗಾಗಿ ಪ್ರತಿ ಐತವಾರ ನಾನು ಬಸ್ಸಿನಲ್ಲಿ ಡೋಣಿಗೆ ಹೋಗಿ, ಮಾರಿದ ಗಾಡಿಯ ಬಾಯಿ ತೆರೆದು, ಪೆಟ್ರೋಲ್ ಕುಡಿಸಿ ಬರುವುದೆಂದು ನಿಶ್ಚಯವಾಯಿತು. ಇಟ್ಟುಕೊಂಡಿದ್ದರೆ ಗಾಡಿ ನನ್ನನ್ನು ಒಯ್ಯುತ್ತಿತ್ತು. ಮಾರಿದ ಮೇಲೆ ನಾನು ಅದರ ಸೇವೆಗೆ ಹೋಗುತ್ತಿದ್ದೆ!

ಗಿರಿಜಾಳೂ ಜೊತೆಗೆ ಬಂದಳು. ಆಕೆಗೆ ಬಸ್ಸು ಪುಕ್ಕಟೆ. ಮುಂದೆ ಹೆಂಗಸರ ಸೀಟಿನಲ್ಲಿ ಆಕೆ, ಹಿಂದಿನ ಕಟ್ಟಕಡೆಯ ಸೀಟಿನಲ್ಲಿ ನೆಗೆಯುತ್ತ ನಾನು. ನನಗೆ ಕಾಣುತ್ತಿದ್ದದ್ದು ಆಕೆಯ ತುರುಬು ಮಾತ್ರ. ಡೋಣಿಯಲ್ಲಿ ಇಳಿದರೆ ಫಕೀರಪ್ಪನ ಹೆಂಡತಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಿದ್ದಳು. ಊಟವಾದ ಮೇಲೆ ಗಿರಿಜಾ ಅಡುಗೆ ಮನೆಯಲ್ಲಿ ಕುಳಿತು ಆಕೆಯೊಂದಿಗೆ ಎರಡು ತಾಸು ಮಾತಾಡುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಕುಳಿತ ನನಗೆ ನಗು ಮಾತ್ರ ಕೇಳಿಸುತ್ತಿತ್ತು. ಅವೆಲ್ಲ ನನ್ನ ಬಲಗಿವಿಗೆ ಬರಬೇಕಾದ ಮಾತುಗಳು. ಖರೆ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಆ ಮುದಿ ಗಾಡಿಯನ್ನು ಯಾಕಾದರೂ ಮಾರಿದೆನೋ ಅನ್ನಿಸಿತು.

ನಾಲ್ಕನೆಯ ವಾರ ಡುಪ್ಲಿಕೇಟ್ ಚಾವಿ ಸ್ವಿಚ್ಚಿನೊಳಗೇ ಮುರಿಯಿತು. ಫಕೀರಪ್ಪ ಮುಂಡರಗಿಗೆ ಒಯ್ದು ಸ್ವಿಚ್ಚನ್ನೇ ಬದಲಿಸಿ, ಅದರ ಹೊಸ ಚಾವಿ ತಂದ. ಟಾಕಿಯ ಮುಚ್ಚಳ ಮಾತ್ರ ಅಲ್ಲಿಯೂ ಸಿಗಲಿಲ್ಲ. ನನ್ನ ಯಾತ್ರೆ ಮುಂದುವರಿಯಿತು.

ಏಳನೆಯ ಐತವಾರ ನಾವು ಹೊರಡುವ ಮುಂಚೆಯೇ ಫಕೀರಪ್ಪ ಗಾಡಿಯ ಮೇಲೆ ಬಂದು ನಮ್ಮ ಅಂಗಳದಲ್ಲಿ ನಿಂತ.

"ಮಾಸ್ತರ, ಸಿಟ್ಟ ಆಗಬ್ಯಾಡ್ರಿ. ಗಾಡಿಗೂ ಹಾಕ್ಬೇಕು, ನಿಮಗೂ ಹಾಕ್ಬೇಕು. ರೊಟ್ಟಿ ಬಡದು ಬಡದು ನಮ್ಮಾಕಿ ಕೈ ಸೋತಾವ್ರಿ. ಇದನ್ನ ನೀವ ವಾಪಸ್ ತಗೋರಿ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ತೋರಿಸಿಕೊಳ್ಳಬಾರದಲ್ಲ! ಗಂಭೀರವಾಗಿ ಕೆಮ್ಮಿ, "ಇದು ದುಡುಕುವ ವಿಷಯವಲ್ಲ. ಸಾಧಕ ಬಾಧಕಗಳನ್ನು ಪರಿಶೀಲಿಸಿ..." ಎಂದು ಶುರು ಮಾಡಿದೆ.

"ಏನ್ ಪರಿಶೀಲನಿ ಹಚ್ಚೀರಿ? ತಗೋರಿ ಸುಮ್ನ!" ಒಳಗಿನಿಂದ ಗಿರಿಜಾ ಕೂಗಿದಳು. "ಬಸ್ಸಿನ್ಯಾಗ ಮುಂದೊಬ್ರು ಹಿಂದೊಬ್ರು ಕುಂತು ಸಾಕಾಗೈತಿ ನನಗ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬಲಗಿವಿಯನ್ನೂ ಸಹ.

ಗಾಡಿಗೆ ಪಡೆದ ಹಣವನ್ನು ಫಕೀರಪ್ಪನಿಗೆ ಮರಳಿಸಿದೆ. ಅವನು ಚಹಾ ಕುಡಿದ, ಗಾಡಿಯ ಚಾವಿ ತೆಗೆದು ಅಂಗಿಯ ಒಳಜೇಬಿನಲ್ಲಿ ಹಾಕಿಕೊಂಡ, ಅವ್ವನ ಕಾಲಿಗೆ ನಮಸ್ಕರಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟ.

"ಫಕೀರಪ್ಪ, ಚಾವಿ?"

ಅವನು ಗಾಬರಿಯಿಂದ ತಿರುಗಿ ನಿಂತ.

"ಎಂಥಾ ಮಾತ ಆಡ್ತೀರಿ ಮಾಸ್ತರ! ಈಗ ಮಾರಾಂವ ನಾನು. ಹಗ್ಗ ಕೊಡ್ತಾರೇನ್ರಿ?"

"ಖರೆ ಐತಿ" ಎಂದಳು ಅವ್ವ.

"ಚಿಂತಿ ಮಾಡಬ್ಯಾಡ್ರಿ. ಡುಪ್ಲಿಕೇಟ್ ಮಾಡಿಸ್ಕೊಂಡು ಮುಂದಿನ ಐತಾರ ಬರ್ತೀನಿ. ನಮ್ಮಾಕೀನೂ ಬರ್ತಾಳಂತ. ಊಟಾ ಇಲ್ಲೇ."

ದೇವರ ಕೋಣೆಯ ಚಾವಿ ತಂದು ಹೊಸ ಸ್ವಿಚ್ಚಿಗೆ ಹಾಕಿ ನೋಡಿದೆ. ಒಳಗೇ ಹೋಗಲಿಲ್ಲ. ಟಾಕಿಯ ಮುಚ್ಚಳ ಮಾತ್ರ ಎಷ್ಟು ಸಲ ಬೇಕಾದರೂ ತೆರೆಯುತ್ತಿತ್ತು. ಈಗ ನನ್ನ ಬಳಿ ಇದ್ದದ್ದು ಪೆಟ್ರೋಲ್ ಹಾಕಬಹುದಾದ, ಆದರೆ ಶುರು ಮಾಡಲಾಗದ ಮೋಟಾರ್ ಸೈಕಲ್ಲು. ಮಾರುವ ಮುಂಚೆ ನಲವತ್ತು ಕಿಕ್ಕಿಗಾದರೂ ಏಳುತ್ತಿತ್ತು!

ಸಂಜೆ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಸೋತು ಕುಳಿತಿದ್ದೆ. ಗಿರಿಜಾ ಚಹಾ ತಂದು ಕೈಗಿಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿನ ಮೇಲೆ ಕುಳಿತಳು. ಏಳು ವಾರದ ಮಾತು ಶುರುವಾಯಿತು. ಗಾಳಿ ಇರಲಿಲ್ಲವಾಗಿ ಒಂದು ಅಕ್ಷರವೂ ಹಾರಿಹೋಗಲಿಲ್ಲ. ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು. ಅದರಲ್ಲಿ ಮುಕ್ಕಾಲು ಪಾಲು ನನ್ನ ತಪ್ಪುಗಳೇ ಇದ್ದವು.

ಎದುರುಮನೆಯವರು ಇಣುಕಿ, "ಮಾಸ್ತರ, ಗಂಡಾ ಹೆಂಡ್ತಿ ಎಲ್ಲಿಗೆ ಹೊಂಟೀರಿ?" ಎಂದರು.

ಉತ್ತರ ಹೇಳಲು ತಿರುಗಿದೆ.

"ಅವರನ್ನೇನ್ ನೋಡ್ತೀರಿ?" ಎಂದಳು ಗಿರಿಜಾ ಹಿಂದಿನಿಂದ, "ಮುಂದ ನೋಡ್ಕೊಂಡ ಹೊಡೀರಿ!"

ಮುಂದೆ ನೋಡಿದೆ. ಕಂಪೌಂಡ್ ಗೋಡೆ ಇತ್ತು. "ಹೂಂ" ಎಂದೆ.