ಅಟ್ಟದ ಪೈಪಿಗೆ ಶೇಂಗಾ ಎಣ್ಣೆ

ತೊಂಬತ್ತರ ದಶಕದ ಮಾತು. ಮಗಳು ಬಾಣಂತನಕ್ಕೆಂದು ಪುಣೆಯ ಕೊಂಢವಾದಲ್ಲಿದ್ದ ನಮ್ಮ ಮನೆಗೆ ಬಂದಿದ್ದಳು. ನಳದ ನೀರು ಬೆಳಿಗ್ಗೆ ಏಳಕ್ಕೇ ನಿಂತುಬಿಡುತ್ತಿತ್ತು. ಬಾಣಂತಿಗೂ ಕೂಸಿಗೂ ಎರೆಯಲೆಂದು ಕೊಡ ಹೊತ್ತು ಹೊತ್ತು ನನ್ನ ಹೆಂಡತಿ ಸುಮಿತ್ರಾಳ ಸೊಂಟ ಹಿಡಿದುಕೊಂಡಿತ್ತು. ಬಚ್ಚಲಿನ ಮೇಲಿನ ಅಟ್ಟದಲ್ಲೊಂದು ನೀರಿನ ಟಾಕಿ ಇಟ್ಟು, ಬಗ್ಗುವ ಪ್ಲಾಸ್ಟಿಕ್ ಪೈಪ್ ಇಳಿಸಿದರೆ ಮುಗಿಯಿತು! ಮೂವತ್ತು ವರ್ಷ ಕಡತ ಕಟ್ಟಿದವನಿಗೆ ಒಂದು ಪೈಪ್ ಕಟ್ಟುವುದು ಯಾವ ಲೆಕ್ಕ?

"ಪ್ಲಂಬರನ್ನ ಕರೀರಿ" ಎಂದಳು ಸುಮಿತ್ರಾ.

"ನಾ ಇದ್ದೀನಲ್ಲ!"

"ಅದಕ್ಕ ಹೇಳಿದ್ದು."

ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಟಾಕಿಯ ಮೂತಿಗೆ ಸಿಕ್ಕಿಸಿ, ಅದು ಜಾರದಂತೆ ಸುತ್ತ ತಗಡಿನ ಪಟ್ಟಿ ಬಿಗಿಯಬೇಕೆಂದು ಅಂಗಡಿಯವನು ಹೇಳಿದ್ದ. ಆದರೆ ಏಣಿ ಇಳಿದು ನೀರು ಕಾಸುವವರು ಯಾರು? ಊರಿನಿಂದ ತಂದಿಟ್ಟ ಗಾಣದ ಶೇಂಗಾ ಎಣ್ಣೆಯ ಡಬ್ಬಿ ಅಟ್ಟದಲ್ಲೇ ಇತ್ತು. ಧಾರಾಳವಾಗಿ ಸವರಿದೆ. ಪೈಪ್ ಸೊರ್ರನೆ ಒಳಹೋಯಿತು. ಇಷ್ಟು ಸಲೀಸಾಗಿ ಕೂತ ಪೈಪಿಗೆ ಪಟ್ಟಿ ಏಕೆ? ಜೇಬಿಗೆ ಹಾಕಿಕೊಂಡೆ!

ಮರುದಿನ ನಾನೇ ಏಣಿ ಹತ್ತಿಳಿದು ಟಾಕಿ ತುಂಬಿಸಿದೆ. ಏಳಕ್ಕೆ ನಳ ನಿಂತಿತು. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಮಗಳೂ ಹದಿನೈದು ದಿನದ ಮೊಮ್ಮಗನೂ ಕಾಯುತ್ತಿದ್ದರು. ಸದರಿ ಕಾಮಗಾರಿಯನ್ನು ಉದ್ಘಾಟಿಸಲು ಬಚ್ಚಲಿನ ಸ್ಟವ್ ಹಚ್ಚಿ, ಅದರ ಮೇಲಿನ ಹಂಡೆಗೆ ಇಳಿಬಿಟ್ಟ ಪೈಪಿನ ತುದಿಯ ನಳ ತಿರುವಿದೆ. ಬಿಗಿಯಾಗಿತ್ತು. ಒಂಚೂರು ಜಗ್ಗಿದೆ. ಇಡೀ ಪೈಪ್ ಕೈಗೆ ಬಂತು! ಹಿಂದೆಯೇ ಟಾಕಿಯ ನೀರೂ ಬಂತು! ನಾನು ತೊಯ್ದೆ, ಹಂಡೆಯ ಕೆಳಗಿನ ಸ್ಟವ್ ಆರಿತು, ಹಂಡೆಯೊಳಗೆ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಅಟ್ಟ ಹತ್ತುವಷ್ಟರಲ್ಲಿ ಟಾಕಿ ಖಾಲಿ.

"ಅಪ್ಪಾ, ಕೂಸಿಗೆ ಥಂಡಿ ಆಗ್ತದ!" ಎಂದು ಮಗಳು ಅಳುವಂತಾದಳು.

ಗದ್ದಲ ಕೇಳಿ ಪಕ್ಕದ ಮನೆಯ ಶಿಂದೆ ಕಾಕು ಓಡಿಬಂದರು. "ಕಾಯ ಝಾಲಂ ಭಾವೋಜಿ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದವರು ನನ್ನ ಅವತಾರ ನೋಡಿ ಉತ್ತರಕ್ಕೆ ಕಾಯಲಿಲ್ಲ. ತಾಯಿ-ಮಗುವನ್ನು ತಮ್ಮ ಮನೆಗೆ ಕರೆದೊಯ್ದು, ಗಂಡನಿಗೆಂದು ಕಾಸಿಟ್ಟ ನೀರನ್ನೆಲ್ಲ ಇವರಿಗೆ ಎರೆದರು. ಕೂಸನ್ನು ತಮ್ಮ ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದರು. ಅಂದು ಶಿಂದೆ ಕಾಕಾ ಸ್ನಾನವಿಲ್ಲದೆ ನಗುನಗುತ್ತಲೇ ಕೆಲಸಕ್ಕೆ ಹೋದರು. ಆ ಮನೆಯವರ ಉಪಕಾರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಬೆಚ್ಚಗೆ ಸುತ್ತಿದ ಮೊಮ್ಮಗನನ್ನು ಸುಮಿತ್ರಾ ತಂದು ನನ್ನ ತೊಡೆಯ ಮೇಲಿಟ್ಟಳು. "ಇವನ್ನ ಹಿಡ್ಕೊಂಡು ಸುಮ್ನ ಕೂಡ್ರಿ. ಬ್ಯಾರೆ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ!"

ವಿಧೇಯನಾಗಿ ಕೂತೆ. ಸ್ವಲ್ಪ ಹೊತ್ತಿಗೆ ತೊಡೆ ಬೆಚ್ಚಗಾಯಿತು. ಅಂದು ನಮ್ಮ ಮನೆಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಬಿಸಿನೀರು ಬಿಟ್ಟದ್ದು ಆ ಕೂಸೊಂದೇ!